ಎಡಗೈಯಿಂದ ತೊಡಿಸಿದ ಬಳೆ

ಲಕ್ವಾ ಹೊಡೆದ ಮೇಲೆ ನನ್ನನ್ನು ನೋಡಲು ಬಂದವರಲ್ಲಿ ಮುಕ್ಕಾಲು ಪಾಲು ಜನ ಕಿರುಚಿ ಮಾತಾಡಿದರು. ಹೋಗಿದ್ದು ನನ್ನ ಬಲಗೈ, ಬಲಗಾಲಿನ ಅರ್ಧ ಕಸುವು, ಮತ್ತೆ ಕೆಲವು ತಿಂಗಳು ನಾಲಿಗೆ. ಕಿವಿ ಎರಡೂ ನೆಟ್ಟಗಿದ್ದವು. ಆದರೂ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದವರು ಮಂಚದ ಮೇಲೆ ಬಾಗಿ, "ನಾನು ಯಾರಂತ ಗುರ್ತು ಸಿಕ್ತೇನಬೇ?" ಎಂದು ಕೂಗುತ್ತಿದ್ದರು. ಸಿಗದೆ ಏನು! ಅಂಥ ಮುಖಗಳನ್ನು ಮರೆಯುವುದಕ್ಕೆ ಒಂದು ಲಕ್ವಾ ಸಾಲದು. ಕೂಗಿ ಮುಗಿದ ಮೇಲೆ ನಮ್ಮ ಯಜಮಾನರ ಕಡೆ ತಿರುಗಿ, ದನಿ ಇಳಿಸಿ, "ಊಟ ಗೀಟ ಮಾಡ್ತಾಳಾ? ಮಾತು ತಿಳಿತೈತಾ?" ಎಂದು ಕೇಳುವರು. ನಾನು ಅಲ್ಲೇ ಮಲಗಿದ್ದೇನೆ, ಎಲ್ಲ ಕೇಳುತ್ತಿದ್ದೇನೆ, ಬೈಯಲು ಬಾಯಿ ತೆಗೆದರೆ ಜೊಲ್ಲು ಸುರಿಯುತ್ತದೆ. "ಅಯ್ಯೋ ಪಾಪ" ಎಂದು ಸೆರಗಿನಿಂದ ಒರೆಸಿ ಹೋಗುವರು. ಇದನ್ನು ಓದುವವರಿಗೂ ಅಯ್ಯೋ ಪಾಪ ಅನ್ನಿಸಿದರೆ ದಯವಿಟ್ಟು ಇಲ್ಲಿಗೇ ಮುಚ್ಚಿಡಿ.

ನಮ್ಮದು ಕೊಟ್ಟೂರಿನಲ್ಲಿ ಬಳೆ ಅಂಗಡಿ. ನನ್ನ ಅತ್ತೆ ಬಳೆಯ ಗಂಟು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ತೊಡಿಸಿದವಳು. ಅವಳ ಕಾಲದಲ್ಲೇ ಗಂಟು ಇಳಿದು ಅಂಗಡಿಯಾಯಿತು. ಮದುವೆಯಾಗಿ ಬಂದ ಮೇಲೆ ಅತ್ತೆ ನನಗೆ ಒಲೆಗಿಂತ ಮೊದಲು ಬಳೆ ಹಿಡಿಯುವುದನ್ನು ಕಲಿಸಿದಳು. ಎಡಗೈಯಲ್ಲಿ ಗಿರಾಕಿಯ ಕೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಸಿ, ಗೆಣ್ಣು ಒತ್ತಿ ಸಣ್ಣ ಮಾಡಬೇಕು. ಬಲಗೈಯಿಂದ ಬಳೆಯನ್ನು ಓರೆ ಹಿಡಿದು ಗೆಣ್ಣು ದಾಟಿಸಬೇಕು. ಗಾಜು ಮುರಿಯಬಾರದು, ಚರ್ಮ ತರಚಬಾರದು. ಇದಕ್ಕೆಲ್ಲ ಮುಖ್ಯವಾದದ್ದು ಬಾಯಿ. ಗಿರಾಕಿ ತನ್ನ ಕೈಯನ್ನೇ ನೋಡುತ್ತ ಕುಳಿತರೆ ಕೈ ಬಿಗಿಯುತ್ತದೆ. ಅವಳು ನಗಬೇಕು, ಇಲ್ಲವೇ ಯಾರನ್ನಾದರೂ ಬೈಯಬೇಕು, ಆಗ ಕೈ ತಾನೇ ಸಡಿಲಾಗುತ್ತದೆ. ಬಳೆ ಅಂಗಡಿಯಲ್ಲಿ ಊರ ಉಸಾಬರಿ ಮಾತಾಡುತ್ತಾರೆ ಎಂದು ಮೂಗು ಮುರಿಯುವವರಿಗೆ ಹೇಳುತ್ತಿದ್ದೇನೆ, ಅದು ನಮ್ಮ ಕೆಲಸ. ಸೊಸೆಯನ್ನು ಬೈಯುತ್ತ ಕೂತ ಅತ್ತೆಯ ಕೈಗೆ ಎಂಥ ಸಣ್ಣ ಬಳೆಯೂ ಇಳಿಯುತ್ತದೆ.

ಅವತ್ತು ಬೆಳಿಗ್ಗೆ ಅಂಗಡಿ ತೆಗೆದು ಬಳೆ ಡಬ್ಬಿ ಜೋಡಿಸುತ್ತಿದ್ದೆ. ಕೈಯಲ್ಲಿದ್ದ ಡಬ್ಬಿ ಜಾರಿತು. ಬಗ್ಗಿ ಎತ್ತಲು ಹೋದರೆ ಬಲಗೈ ನನ್ನ ಮಾತು ಕೇಳಲಿಲ್ಲ. ನಮ್ಮ ಯಜಮಾನರನ್ನು ಕರೆದೆ, ಬಾಯಿಂದ ಬಂದದ್ದು ಬೇರೆ ಏನೋ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಓಡಿ ಬಂದು ಮುಖ ನೋಡಿದವಳೇ, "ಗಾಳಿ ಬಡದೈತಿ, ದವಾಖಾನಿಗೆ ಒಯ್ಯಬ್ಯಾಡ್ರಿ. ಸೂಜಿ ಚುಚ್ಚಿದ್ರ ಕೈ ಪೂರಾ ಹೊಕ್ಕೈತಿ," ಎಂದಳು. ಗುಡೇಕೋಟೆಯಿಂದಾಚೆ ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಲಕ್ವಾಕ್ಕೆ ಎಣ್ಣೆ ತಿಕ್ಕುವವನಿದ್ದಾನೆ, ಅವಳ ಅಣ್ಣನಿಗೆ ಅಲ್ಲೇ ವಾಸಿಯಾಗಿತ್ತಂತೆ. ಅವಳ ಅಣ್ಣನಿಗೆ ಆಗಿದ್ದು ಲಕ್ವಾವೇ ಅಲ್ಲ, ಕುಡಿದು ಬಿದ್ದಿದ್ದು. ಅದು ಕೊಟ್ಟೂರಿಗೆಲ್ಲ ಗೊತ್ತು. ಅದನ್ನು ಹೇಳಲು ನನಗೆ ನಾಲಿಗೆ ಇರಲಿಲ್ಲ, ಇದ್ದ ಇಬ್ಬರು ಗಂಡಸರಿಗೆ ಬುದ್ಧಿ ಇರಲಿಲ್ಲ. ಬಾಡಿಗೆ ಗಾಡಿಯಲ್ಲಿ ಹಾಕಿಕೊಂಡು ಕೂಡ್ಲಿಗಿ ದಾಟಿದರು. ಕೂಡ್ಲಿಗಿಯಲ್ಲಿ ಆಸ್ಪತ್ರೆಯ ಮುಂದೆಯೇ ಹಾದುಹೋದೆವು. ಆ ಬೋರ್ಡನ್ನು ಓದುವಷ್ಟು ಎಚ್ಚರ ನನಗಿತ್ತು.

ಅಲ್ಲಿ ಒಂದು ಪಾರಿವಾಳ ಕೊಯ್ದು ಅದರ ಬಿಸಿ ರಕ್ತವನ್ನು ನನ್ನ ಕೈಗೆ ತಿಕ್ಕಿದರು. ಮೇಲೆ ಏನೋ ಎಣ್ಣೆ. ಬಿಸಿಲು ಇಳಿಯುವತನಕ ಬೇವಿನ ಮರದ ಕೆಳಗೆ ಮಲಗಿಸಿದರು. ಬೆರಳು ಅಲುಗಲಿಲ್ಲ, ಕಾಲೂ ಹೋಯಿತು. ಆಗ ಹೆದರಿ ದೊಡ್ಡಾಸ್ಪತ್ರೆಗೆ ಒಯ್ದರು. ಡಾಕ್ಟರು ನನ್ನ ತೋಳಿನ ಮೇಲೆ ಒಣಗಿದ ರಕ್ತ ನೋಡಿ, "ಆಕ್ಸಿಡೆಂಟಾ?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ಅವರು ಬಾಯಿಗೆ ಬಂದ ಹಾಗೆ ಬೈದರು. ಬೆಳಿಗ್ಗೆಯೇ ತಂದಿದ್ದರೆ ಕೈ ಉಳಿಯುವ ಸಾಧ್ಯತೆ ಇತ್ತು ಎಂದರು. ನೆಗೆಣ್ಣಿ ಗೋಡೆ ಹಿಡಿದು ಅತ್ತಳು. ಅಳಲಿ ಬಿಡಿ, ಅವಳ ಎರಡೂ ಕೈ ಕಣ್ಣೊರೆಸಿಕೊಳ್ಳಲು ನೆಟ್ಟಗಿದ್ದವು. ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಆಲೋಚನೆಯೂ ಇಲ್ಲ.

ನಾನು ಮಲಗಿದ್ದಾಗ ಅಂಗಡಿಯಲ್ಲಿ ಅವಳೇ ಕೂತಳು. ಕೂರಬೇಕಾದದ್ದೇ, ಬೇರೆ ಯಾರಿದ್ದರು? ಆದರೆ ಕೋಲು ಹಿಡಿದು ನಡೆಯುವಂತಾಗಿ, ಮಾತು ತೊದಲಿದರೂ ತಿಳಿಯುವಂತಾಗಿ, ಒಂದು ಸಂತೆಯ ದಿನ ನಾನು ಅಂಗಡಿಗೆ ಹೋದರೆ, ನನ್ನ ಜಾಗದಲ್ಲಿ ಹೊಸ ಮೆತ್ತೆ ಬಂದಿತ್ತು. ನನಗೆ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. "ಅಕ್ಕಾ, ಆರಾಮ ಕುಂದ್ರು. ನೀನು ಕುಂತ್ರ ಸಾಕು, ಅಂಗಡಿಗೆ ಒಂದು ಕಳಿ," ಎಂದಳು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಗೊಂಬೆಗೆ ಹೇಳುವ ಮಾತು. "ಏಳ್ಲೇ," ಎಂದೆ. ಎದ್ದಳು. ಅದೊಂದು ಗುಣ ಅವಳದು, ಗದರಿದರೆ ಏಳುತ್ತಾಳೆ.

ಮೊದಲ ಗಿರಾಕಿ ತೆಲಿಗಿ ಕಡೆಯ ಒಬ್ಬ ಹೆಂಗಸು, ನನ್ನ ಹತ್ತಿರವೇ ಮದುವೆಯ ಬಳೆ ತೊಟ್ಟವಳು. ಕೂತು ಕೈ ಚಾಚಿದಳು. ನಾನು ಎಡಗೈಯಲ್ಲಿ ಬಳೆ ತೆಗೆದುಕೊಂಡದ್ದೇ ತಡ, ಕೈ ಹಿಂದಕ್ಕೆ ಹೋಯಿತು. "ತಪ್ಪು ತಿಳ್ಕಾಬ್ಯಾಡ್ರಿ ಯಕ್ಕಾ. ನಾಳಿ ಸೋಮವಾರ ಐತಿ. ಎಡಗೈಲೆ ಬ್ಯಾಡ. ಸಣ್ಣಾಕಿ ಇಡಸ್ಲಿ," ಎಂದಳು. ಬಳೆ ತೊಡಿಸುವುದು ಮುತ್ತೈದೆತನದ ಕೆಲಸ, ಎಡಗೈಯಲ್ಲಿ ಯಾರೂ ಮಾಡುವುದಿಲ್ಲ ಎನ್ನುವುದನ್ನು ಅವಳು ನನಗೆ ಕಲಿಸುತ್ತಿದ್ದಳು! ನಾನು ಸ್ವತಃ ಎಡಗೈಯಲ್ಲಿ ಅರಿಸಿನ ಕೊಟ್ಟವರಿಗೆ ಬೈದವಳು. ಆದರೆ ದೇವರು ಬಲಗೈ ಕಿತ್ತುಕೊಂಡು ಎಡಗೈ ಬಿಟ್ಟರೆ ಅದು ಯಾರ ತಪ್ಪು? ಅದನ್ನು ಅವಳಿಗೆ ಹೇಳಲು ಹೋದೆ. ತೊದಲು ನಾಲಿಗೆಯಲ್ಲಿ ಅರ್ಧ ಬರುವಷ್ಟರಲ್ಲಿ ಅವಳು ನೆಗೆಣ್ಣಿಯ ಮುಂದೆ ಕೂತು ಬಿಟ್ಟಿದ್ದಳು.

ಮನೆಗೆ ಬಂದು ನಮ್ಮ ಯಜಮಾನರನ್ನು ಹಿಡಿದು ಕೂರಿಸಿದೆ. "ಕೈ ಕೊಡ್ರಿ," ಎಂದೆ. ಆಸ್ಪತ್ರೆಯ ಬೋರ್ಡು ಕಂಡೂ ಗಾಡಿ ನಿಲ್ಲಿಸದ ಮನುಷ್ಯ, ಕೈ ಕೊಡದೆ ಎಲ್ಲಿಗೆ ಹೋಗುತ್ತಾನೆ! ಒಂದೇ ಕೈಯಲ್ಲಿ ತೊಡಿಸುವ ಬಗೆಯನ್ನು ಅವರ ಮೇಲೆ ಕಲಿತೆ. ಅವರ ಮೊಣಕೈಯನ್ನು ನನ್ನ ಎರಡು ಮೊಣಕಾಲ ನಡುವೆ ಹಿಡಿದು, ಅಂಗೈಯನ್ನು ದಿಂಬಿನ ಮೇಲೆ ಇಟ್ಟು, ಹೆಬ್ಬೆರಳನ್ನು ಅವರದೇ ಇನ್ನೊಂದು ಕೈಯಿಂದ ಮಡಚಿಸಿ, ಎಡಗೈಯಿಂದ ಬಳೆ ಉರುಳಿಸುವುದು. ಮೊದಮೊದಲು ಗಾಜಿನ ಚೂರೇ ಚೂರು. ಅವರ ಕೈಯ ತುಂಬ ಗೀರು. ಒಂದು ಮುಂಜಾನೆ ಹಾಲಿನವನು ಬಂದಾಗ ಯಜಮಾನರು ಕೈತುಂಬ ಕೆಂಪು ಬಳೆ ತೊಟ್ಟು ಚಾ ಕುಡಿಯುತ್ತ ಕೂತಿದ್ದರು. "ಏನ್ರೀ ಯಜಮಾನ್ರ, ಬಳಿ ತೊಟ್ಕಂಡು ಕುಂತೀರಲ್ಲ!" ಎಂದು ಅವನು ಬಿದ್ದು ಬಿದ್ದು ನಕ್ಕ. ಇವರು ಚಾ ಲೋಟ ಇಟ್ಟು, "ತೊಟ್ಟೀನಪ, ಏನೀಗ? ನಿನಗೂ ಬೇಕಾ?" ಎಂದರು. ಲಕ್ವಾ ಹೊಡೆದ ಮೇಲೆ ಆ ಮನುಷ್ಯನ ಮೇಲೆ ನನಗೆ ಒಳ್ಳೆಯ ಮನಸ್ಸು ಬಂದದ್ದು ಅದೊಂದೇ ಸಲ.

ಕೈ ಕೂತ ಮೇಲೆ ಮತ್ತೆ ಅಂಗಡಿಗೆ ಹೋದೆ. ನನ್ನ ಹತ್ತಿರ ಕೂತವರು ಕೆಲವರೇ. ಈರುಳ್ಳಿ ಕೀಳುವುದಕ್ಕೆ, ಕಳೆ ತೆಗೆಯುವುದಕ್ಕೆ ಹೋಗುವ ಹೆಂಗಸರು ಬಂದು ಕೂತರು. "ಯಾವ ಕೈಯಾದ್ರೇನು, ಬಿಗಿ ಕುಂತ್ರ ಸಾಕು, ಲಗೂನ ಇಡಸಬೇ, ಬಸ್ಸು ಹೊಕ್ಕೈತಿ," ಎನ್ನುವರು. ಲಗೂನ ಆಗುತ್ತಿರಲಿಲ್ಲ. ಬಸ್ಸು ಹೋಗುತ್ತಿತ್ತು. ಬೈದುಕೊಂಡು ಕೂರುತ್ತಿದ್ದರು. ಅವರು ಬೈದದ್ದು ನನಗೆ ಹಿತವಾಗಿತ್ತು. ಉಳಿದವರು ನನ್ನನ್ನು ನೋಡಿ ನಕ್ಕು, ಆರೋಗ್ಯ ವಿಚಾರಿಸಿ, ನೆಗೆಣ್ಣಿಯ ಸರದಿಗೆ ಕಾಯುವರು. ಸಂಬಂಧಿಕರ ಗೃಹಪ್ರವೇಶಕ್ಕೆ ಹೋದರೆ ಪಂಕ್ತಿಯಿಂದ ಎಬ್ಬಿಸಿ ಒಳಗಿನ ಕೋಣೆಯಲ್ಲಿ ಟೇಬಲ್ ಹಾಕಿ, ತಟ್ಟೆಯಲ್ಲಿ ಚಮಚ ಇಟ್ಟುಕೊಟ್ಟರು. ನನಗೆ ಅನುಕೂಲವಾಗಲಿ ಎಂದು ಹಾಗೆ ಮಾಡಿದರಂತೆ. ಎಡಗೈಯಲ್ಲಿ ಅನ್ನ ಕಲಸುವುದನ್ನು ಪಂಕ್ತಿಯವರು ನೋಡಬೇಕಾಗುತ್ತದೆ ಎಂದು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಚಮಚ ಪಕ್ಕಕ್ಕಿಟ್ಟು, ಹೋಳಿಗೆಯನ್ನು ಎಡಗೈಯಲ್ಲೇ ಮುರಿದು, ಬಾಗಿಲ ಕಡೆ ಮುಖ ಮಾಡಿ ಎಲ್ಲರಿಗೂ ಕಾಣುವ ಹಾಗೆ ತಿಂದೆ.

ಇದನ್ನೆಲ್ಲ ನಾನು ಸಹಿಸಿಕೊಂಡದ್ದು ಒಂದು ಆಸೆಗೆ. ನನಗೆ ಒಬ್ಬಳೇ ಮಗಳು, ಹಿರೇಹಡಗಲಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಬಹಳ ವರ್ಷದ ಮೇಲೆ ಬಸುರು ನಿಂತಿತ್ತು. ಏಳು ತಿಂಗಳಿಗೆ ಕುಬಸ, ಅಂದರೆ ಸೀಮಂತ. ಕುಬಸದಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಹೊರಗಿನವರನ್ನು ಕರೆಯುವುದಿಲ್ಲ, ಹೆತ್ತವಳೇ ತೊಡಿಸುತ್ತಾಳೆ. ನನ್ನ ಅತ್ತೆ ತನ್ನ ಹೆಣ್ಣುಮಕ್ಕಳಿಗೆ ತೊಡಿಸಿದಳು. ಊರವರ ಹೆಣ್ಣುಮಕ್ಕಳಿಗೆಲ್ಲ ಕುಬಸದ ಬಳೆ ತೊಡಿಸಿದ ನಾನು ನನ್ನ ಮಗಳಿಗೆ ತೊಡಿಸಬೇಕು. ಅಷ್ಟೇ. ಯಜಮಾನರ ಕೈ ಗೀರಿದ್ದು, ಬೈಸಿಕೊಂಡದ್ದು, ಬಾಗಿಲ ಕುರ್ಚಿ ಒಲ್ಲೆ ಎಂದದ್ದು, ಎಲ್ಲ ಅದಕ್ಕೇ.

ಕುಬಸಕ್ಕೆ ಕೆಲವು ದಿನ ಇರುವಾಗ ಬೀಗತಿಯ ಫೋನು ಬಂತು. ಮಗಳ ಅತ್ತೆ. ಯೋಗಕ್ಷೇಮ, ಮಳೆ ಬೆಳೆ ಎಲ್ಲ ವಿಚಾರಿಸಿ ಕೊನೆಗೆ, "ಬಳಿ ಇಡಸೂದು ನಿಮ್ಮ ನೆಗೆಣ್ಣಿ ಮಾಡ್ಲಿ ಬಿಡ್ರಿ. ನಿಮಗ್ಯಾಕ ತ್ರಾಸು?" ಎಂದಳು.

"ನನಗೇನು ತ್ರಾಸು ಇಲ್ಲ," ಎಂದೆ.

"ಹಂಗಲ್ರಿ ಬೀಗರ. ಬಸುರಿ ಹೆಂಗಸು... ಮಂದಿ ನೂರು ಮಾತಾಡ್ತಾರ."

"ಮಂದಿ ಮಾತಾಡ್ತಾರೋ ನೀವು ಮಾತಾಡ್ತೀರೋ?"

ನಾನು ಫೋನು ಇಟ್ಟೆ. ಆಮೇಲೆ ಅವಳನ್ನು ಬೈಯದೆ ಒಂದು ತುತ್ತೂ ನುಂಗಲಿಲ್ಲ. ಅವಳ ನಡೆ, ಅವಳ ನುಡಿ, ಮದುವೆಯಲ್ಲಿ ಅವಳು ಸೀರೆಗೆ ಮಾಡಿದ ಕೊಸರಾಟ, ಎಲ್ಲ ತೆಗೆದು ಜಾಲಾಡಿದೆ. ಲಕ್ವಾ ಅಂಟುಜಾಡ್ಯ ಎಂದುಕೊಂಡಿದ್ದಾಳೆ ಮೂಢೆ, ನನ್ನ ಮಗಳನ್ನು ನನ್ನಿಂದ ಕೀಳಲು ನೋಡುತ್ತಿದ್ದಾಳೆ ಎಂದು ಯಜಮಾನರ ಕಿವಿ ತೂತು ಮಾಡಿದೆ. ನೆಗೆಣ್ಣಿ ಮಾತ್ರ ಯಾಕೋ ಬಾಯಿ ಬಿಡಲಿಲ್ಲ. ಬಳೆ ಆರಿಸುವಾಗ, "ಅಕ್ಕಾ, ಬೀಗರು ಹೇಳಿದಂಗ ಆಗ್ಲಿ ಬಿಡು," ಎಂದು ಒಂದೇ ಸಲ ಅಂದಳು. ನಾನು ನೋಡಿದ ನೋಟಕ್ಕೆ ಎದ್ದು ಹೋದಳು.

ಕ್ರೂಸರ್ ಗಾಡಿಯಲ್ಲಿ ಬುತ್ತಿ, ಸೀರೆ, ಬಳೆಯ ಡಬ್ಬಿ ತುಂಬಿಕೊಂಡು ಹಿರೇಹಡಗಲಿಗೆ ಹೋದೆವು. ಮನೆ ತುಂಬ ಹೆಂಗಸರು. ಮಗಳು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಹೊಟ್ಟೆ ತುಂಬಿ ಮುಖ ಕಳೆಗಟ್ಟಿತ್ತು. ಉಡಿ ತುಂಬುವುದಾಯಿತು, ಹಾಡಾಯಿತು. ಬಳೆಯ ಹೊತ್ತಿಗೆ ಬೀಗತಿ ನನ್ನ ನೆಗೆಣ್ಣಿಯ ಕಡೆ ನೋಡಿ, "ಬರ್ರಿ, ನೀವು ಬರ್ರಿ," ಎಂದಳು. ನಾನು ಕೋಲು ಗೋಡೆಗೆ ಒರಗಿಸಿ ಮಗಳ ಮುಂದೆ ಕೂತುಬಿಟ್ಟೆ. ಕೂರುವುದೆಂದರೆ ನನಗೆ ಈಗ ದೊಡ್ಡ ಕೆಲಸ.

"ಆಕಿ ನನ್ನ ಮಗಳು. ನಾನ ಇಡಸಾಕಿ," ಎಂದೆ.

ಮಗಳು ಕೈ ಚಾಚಿದಳು. ಅವಳ ಮೊಣಕೈಯನ್ನು ನನ್ನ ಮೊಣಕಾಲಿಗೆ ಆನಿಸಿಕೊಂಡೆ. ಆ ಕೈಯನ್ನು ನಾನು ಬಾಲ್ಯದಿಂದ ಬಲ್ಲೆ, ಬೆಣ್ಣೆಯಂಥ ಕೈ, ಎರಡು ನಾಲ್ಕರ ಅಳತೆಯ ಸಣ್ಣ ಬಳೆಯೂ ಸುಲಭವಾಗಿ ಇಳಿಯುತ್ತದೆ. ಅವತ್ತು ಕಟ್ಟಿಗೆಯ ಹಾಗಿತ್ತು. ನಗಿಸಲು ನೋಡಿದೆ. ಅವಳ ಅಪ್ಪ ಬಳೆ ತೊಟ್ಟು ಚಾ ಕುಡಿದ ಕತೆ ಹೇಳಿದೆ. ಸುತ್ತ ಕೂತವರು ನಕ್ಕರು, ಅವಳು ನಗಲಿಲ್ಲ. ಅವಳ ಕಣ್ಣು ನನ್ನ ಎಡಗೈಯನ್ನು ಬಿಟ್ಟು ಕದಲಲಿಲ್ಲ. ಮೊದಲ ಬಳೆ ಗೆಣ್ಣು ಹತ್ತಿತು. ಸ್ವಲ್ಪ ಒತ್ತಿದೆ. ಟಕ್ ಎಂದಿತು.

ಮಗಳು ಕೈ ಕಿತ್ತುಕೊಂಡು ಹೊಟ್ಟೆಯನ್ನು ಮುಚ್ಚಿಕೊಂಡಳು. ನನ್ನಿಂದ.

ಕುಬಸದ ಬಳೆ ಮುರಿಯುವುದೆಂದರೆ ಏನು ಎಂದು ಆ ಹೆಂಗಸರಿಗೆ ಹೇಳಿಕೊಡಬೇಕಿರಲಿಲ್ಲ. ಬೀಗತಿಯೇ ಮೊದಲು ಎದ್ದಳು. ಚೂರುಗಳನ್ನು ಸೆರಗಿಗೆ ಬಳಿದುಕೊಳ್ಳುತ್ತ, "ಬಳಿ ಹೆಚ್ಚಿದ್ವು ತಗೋರಿ, ಹೆಚ್ಚಲಿ, ಹೆಚ್ಚಿದ್ರ ಒಳ್ಳೇದ," ಎಂದು ದೊಡ್ಡದಾಗಿ ಅಂದಳು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ನನ್ನ ಸಿಟ್ಟು ನೆತ್ತಿಗೇರಿತು. "ನೀವು ಹೆದರಿಸಿಟ್ಟೀರಿ ನನ್ನ ಮಗಳನ್ನ! ಕೈ ಬಿಗದೈತಿ, ಅದಕ್ಕ ಹೆಚ್ಚೈತಿ. ನನ್ನ ಕೈಯಾಗ ದೋಷ ಇಲ್ಲ. ಫೋನ್ ಮಾಡಿ ಕೆಡಿಸಿದಾಕಿ ನೀನು!" ಎಂದೆ. ಬೀಗರಿಗೆ ಏಕವಚನ. ಆ ಹೊತ್ತಿನಲ್ಲಿ ನಾಲಿಗೆ ಒಂದಿಷ್ಟೂ ತೊದಲಲಿಲ್ಲ, ಬೈಗುಳ ಮಾತ್ರ ಲಕ್ವಾಕ್ಕೆ ಸಿಕ್ಕಿರಲಿಲ್ಲ. ಬೀಗತಿ ಚೂರು ಆರಿಸುತ್ತಲೇ ಇದ್ದಳು.

"ಅವ್ವಾ, ನಮ್ಮ ಅತ್ತೀನ್ನ ಬೈಬ್ಯಾಡ," ಎಂದಳು ಮಗಳು. "ನಾನ ಹೇಳಿದ್ದು. ಅತ್ತಿ ಒಲ್ಲೆ ಅಂದ್ರು. ನಾನ ಕಾಡಿ ಬೇಡಿ ಫೋನ್ ಮಾಡ್ಸಿದೆ. ಚಿಗವ್ವಗೂ ನಾನ ಹೇಳಿದ್ದೆ. ನನಗ ಹೆದರಿಕಿ ಆಕ್ಕೈತವ್ವಾ. ಇದೊಂದ ನಿಂತೈತಿ."

ಎರಡು ಸಲ ಹೊಟ್ಟೆಯಲ್ಲಿ ನಿಂತು ನಿಲ್ಲದೆ ಹೋದದ್ದು ನನಗೂ ಗೊತ್ತು. ಆಗ ಅವಳ ಪಕ್ಕ ಕೂತು ರಾತ್ರಿ ಕಳೆದವಳು ನಾನೇ. ಅವಳ ಹೆದರಿಕೆ ಸುಳ್ಳಲ್ಲ. ಆದರೆ ಹೆದರಿಕೆ ನನ್ನದೇ ಕೈಯ ಮೇಲೆ ಬಂದಿತ್ತು, ಅವಳಿಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಹೊಡೆದೂ ಬೆಳೆಸಿದ ಈ ನನ್ನ ಮೈಯ ಮೇಲೆ. ಬೀಗತಿ ಬೇಡವೆಂದಿದ್ದರೆ ನಾನು ಜನ್ಮವಿಡೀ ಅವಳನ್ನು ಬೈದುಕೊಂಡು ಸುಖವಾಗಿ ಇರುತ್ತಿದ್ದೆ. ಮಗಳನ್ನು ಬೈಯುವುದು ಹೇಗೆ? ಅಳು ಬಂತು. ಅಳಲಿಲ್ಲ, ಅಷ್ಟು ಜನರ ಎದುರಿಗೆ ಮತ್ತೆ ಅಯ್ಯೋ ಪಾಪ ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಎದ್ದೆ. ಏಳಿಸಲು ಬಂದ ಬೀಗತಿಯ ಕೈಯನ್ನು ತಳ್ಳಿದೆ, ಆಮೇಲೆ ಏಳಲಾಗದೆ ಅದನ್ನೇ ಹಿಡಿದೆ. ನೆಗೆಣ್ಣಿ ನನ್ನ ಜಾಗದಲ್ಲಿ ಕೂತಳು. ಅವಳ ಕೈಗೆ ಮಗಳ ಕೈ ಹೂವಿನ ಹಾಗೆ ಬಂತು. ಸರಸರನೆ ಬಳೆ ಇಳಿದವು, ಒಂದೂ ಹೆಚ್ಚಲಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡಿದೆ. ತೊಡಿಸುವ ಬಗೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅವಳಿಗೆ ಅದನ್ನು ಕಲಿಸಿದವಳು ನಾನೇ.

ಸಂಜೆ ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೊರಟೆವು. ಗಾಡಿಯಲ್ಲಿ ಅವಳು ನನ್ನ ಬಲಕ್ಕೆ ಕೂತಳು. ರಸ್ತೆ ಕುಲುಕಿದಾಗ ನನ್ನ ಬಲಗೈ ಜಾರಿ ಅವಳ ತೊಡೆಯ ಮೇಲೆ ಬಿತ್ತು. ಎತ್ತಿಕೊಳ್ಳಲು ಎಡಗೈ ತಂದೆ. ಅಷ್ಟರಲ್ಲಿ ಅವಳೇ ಅದನ್ನು ಮೆಲ್ಲಗೆ ಎತ್ತಿ ನನ್ನ ಮಡಿಲಲ್ಲಿ ಇಟ್ಟಳು. ಪರರ ಮನೆಯ ಪಾತ್ರೆ ಎತ್ತಿಡುವಷ್ಟು ಜೋಪಾನವಾಗಿ.

"ಅವ್ವಾ," ಎಂದಳು ಆಮೇಲೆ. "ಕೂಸಿಗೆ ನೀರು ಎರಿಯಾಕ ಚಿಗವ್ವ ಬರ್ತಾಳಲ್ಲ?"

ಮುಂದಿನ ಸೀಟಿನಲ್ಲಿದ್ದ ನೆಗೆಣ್ಣಿ ತಿರುಗಲಿಲ್ಲ. ಯಜಮಾನರು ಕೆಮ್ಮಿದರು.

"ಬರ್ತಾಳ," ಎಂದೆ. "ಎರೀಲಿ. ಎಣ್ಣಿ ಹಚ್ಲಿ. ಎತ್ಕಳ್ಲಿ, ಆಡಸ್ಲಿ. ನಾನು ಬಾಗಲ್ದಾಗ ಕುಂತು ನೋಡ್ತೀನಿ. ಆದ್ರ ಕೂಸಿಗೆ ಬಳಿ ಮಾತ್ರ ನಾನ ಇಡಸ್ತೀನಿ, ಇದ ಎಡಗೈಲೆ. ನಿನ್ನ ಕೇಳಂಗಿಲ್ಲ. ಎಡ ಯಾವ್ದು ಬಲ ಯಾವ್ದು ಅಂತ ನಿನ್ನ ಕೂಸಿಗೆ ಅಷ್ಟೊತ್ತಿಗೆ ಯಾರೂ ಕಲಿಸಿರಂಗಿಲ್ಲ."